ಯುರೋಪಿನಲ್ಲಿ ಅಗ್ಗದ ಖಾಸಗಿ ರೈಲೋ, ಸರ್ಕಾರಿ ರೈಲೋ? ಟಿಕೆಟ್ ತೆಗೆಯುವ ಮೊದಲು ಇಷ್ಟು ನೋಡಿ

ಎರಡು ವಾರದ ಹಿಂದೆ ಸಂಜೆ ಪಕ್ಕದ ಮನೆಯ ವೈನಿ ಮೊಬೈಲ್ ಹಿಡಿದುಕೊಂಡು ಬಂದರು. ಅವರ ಮಗಳು ಜರ್ಮನಿಯ ಸ್ಟಟ್‌ಗಾರ್ಟ್‌ನಲ್ಲಿದ್ದಾಳೆ, ಆರು ತಿಂಗಳ ಬಸುರಿ. ಬಾಣಂತನಕ್ಕೆ ಅಂತ ಗಂಡ ಹೆಂಡತಿ ಹೊರಟಿದ್ದಾರೆ. ಕೂಸು ಸ್ವಲ್ಪ ಗಟ್ಟಿಯಾದ ಮೇಲೆ ಒಂದು ಹತ್ತು ದಿನ ಊರು ನೋಡಿಕೊಂಡು ಬರುವ ಆಸೆ. ಸುಮ್ನೆ ಮುಂದಿನ ತಿಂಗಳ ತಾರೀಖು ಹಾಕಿ ದರ ನೋಡಿದ್ದರು.

"ಅಕ್ಕಾರ, ಇಲ್ಲಿ ನೋಡ್ರಿ. ವೆನಿಸ್‌ನಿಂದ ರೋಮ್‌ಗೆ ಎರಡು ರೈಲು ಅದಾವು. ಒಂದಕ್ಕ 25 ಯೂರೋ, ಇನ್ನೊಂದಕ್ಕ 70. ಕಡಿಮಿದ್ದ ತಗೊಂಡಬಿಡ್ಲೇನ್ರಿ?"

ತಡೀರಿ ಅಂದೆ. ನಾನು ಹುಬ್ಬಳ್ಳಿ ಸ್ಟೇಷನ್ನಿನ ರಿಸರ್ವೇಶನ್ ಕೌಂಟರಿನಲ್ಲಿ 31 ವರ್ಷ ಕೂತವಳು. ಟಿಕೆಟ್‌ನ ದರಕ್ಕಿಂತ ಅದರ ಷರತ್ತು ಮೊದಲು ಓದುವುದು ನನಗೆ ರೂಢಿ. ನನ್ನ ಮಗಳು ವಿಯೆನ್ನಾದಲ್ಲಿದ್ದಾಳೆ. ಮೂರು ಸಲ ಹೋಗಿ ಬಂದಿದ್ದೇವೆ. ಆ ಕಡೆಯ ಸರ್ಕಾರಿ ರೈಲು, ಖಾಸಗಿ ರೈಲು ಎರಡರಲ್ಲೂ ಓಡಾಡಿದ್ದೇವೆ. ಒಮ್ಮೆ ಕಷ್ಟವನ್ನೂ ಪಟ್ಟಿದ್ದೇವೆ. ಅವತ್ತು ವೈನಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಅವರ ಮೊಬೈಲಿನಲ್ಲಿ 70 ಯೂರೋ ಇದ್ದ ಸರ್ಕಾರಿ ರೈಲಿನ ಸಾಲನ್ನು ಒತ್ತಿ ನೋಡಿದೆ. ಒಳಗೆ ಮೂರು ದರ ಇದ್ದವು. 70 ಅನ್ನುವುದು ಯಾವಾಗ ಬೇಕಾದರೂ ಬದಲಾಯಿಸಬಹುದಾದ, ದುಡ್ಡು ವಾಪಸ್ ಸಿಗುವ ಟಿಕೆಟ್. ಅದೇ ರೈಲಿನಲ್ಲಿ, ಅದೇ ಬೋಗಿಯಲ್ಲಿ, ಬದಲಾಯಿಸಲು ಆಗದ ಟಿಕೆಟ್ 30ಕ್ಕೆ ಇತ್ತು. ಖಾಸಗಿಯವರ 25ರದ್ದೂ ಬದಲಾಯಿಸಲು ಆಗದ ಟಿಕೆಟ್ಟೇ. ಅಂದರೆ ನಿಜವಾದ ವ್ಯತ್ಯಾಸ 45 ಅಲ್ಲ, 5 ಯೂರೋ. ವೈನಿ ಒಂದು ನಿಮಿಷ ಸುಮ್ಮನೆ ಕೂತರು.

ಹಾಗಾಗಿ ಮೊದಲ ಕೆಲಸ ಇದು. ಅಗ್ಗದ ಟಿಕೆಟ್ಟನ್ನು ಅಗ್ಗದ ಟಿಕೆಟ್ ಜೊತೆಗೇ ಹೋಲಿಸಿ. ಜರ್ಮನಿಯಲ್ಲಿ ಇಂಥ ಟಿಕೆಟ್‌ಗೆ ಸ್ಪಾರ್‌ಪ್ರೈಸ್ ಅನ್ನುತ್ತಾರೆ, ಆಸ್ಟ್ರಿಯಾದಲ್ಲಿ ಸ್ಪಾರ್‌ಶೀನೆ. ಇವು ಸರ್ಕಾರಿ ರೈಲಿನ ಟಿಕೆಟ್‌ಗಳೇ. ಎರಡು ಮೂರು ತಿಂಗಳು ಮೊದಲೇ ತೆಗೆದರೆ ಎಷ್ಟೋ ಸಲ ಖಾಸಗಿ ದರಕ್ಕೆ ಸಮನಾಗಿರುತ್ತವೆ.

ದರ ಯಾಕೆ ಹೀಗೆ ಏರುತ್ತದೆ

ನಮ್ಮಲ್ಲಿ ಹೆಚ್ಚಿನ ರೈಲಿನಲ್ಲಿ ದರ ಒಂದೇ ಇರುತ್ತದೆ, ಸೀಟು ಖಾಲಿಯಾಗುತ್ತಾ ಹೋಗುತ್ತದೆ. ಆಮೇಲೆ ಆರ್‌ಎಸಿ, ವೇಟಿಂಗ್ ಲಿಸ್ಟ್, ತತ್ಕಾಲ್. ಅಲ್ಲಿ ವೇಟಿಂಗ್ ಲಿಸ್ಟ್ ಅನ್ನುವುದೇ ಇಲ್ಲ. ದಿನ ಹತ್ತಿರ ಬಂದ ಹಾಗೆ, ಸೀಟು ಮಾರಾಟವಾದ ಹಾಗೆ ದರ ಏರುತ್ತದೆ. ನಮ್ಮ ರಾಜಧಾನಿ ರೈಲುಗಳಿಗೆ 2016ರಲ್ಲಿ ಫ್ಲೆಕ್ಸಿ ಫೇರ್ ತಂದರಲ್ಲ, ಹೆಚ್ಚುಕಡಿಮೆ ಆ ಲೆಕ್ಕ. ಆದ್ದರಿಂದ ಕೊನೆಯ ವಾರದಲ್ಲಿ ನೋಡಿದರೆ ಖಾಸಗಿ ರೈಲೂ ಅಗ್ಗವಲ್ಲ. ಡಿಸೆಂಬರ್ ಎರಡನೆಯ ಶನಿವಾರ ಮಧ್ಯರಾತ್ರಿ ಯುರೋಪಿನ ರೈಲುಗಳ ವೇಳಾಪಟ್ಟಿ ಬದಲಾಗುತ್ತದೆ. ಆ ದಿನದ ಆಚೆಗಿನ ಟಿಕೆಟ್ ಕೆಲವು ಕಡೆ ತಡವಾಗಿ ತೆರೆಯುತ್ತದೆ. ಇವತ್ತು ಕಾಣದಿದ್ದರೆ ರೈಲೇ ಇಲ್ಲ ಅಂದುಕೊಳ್ಳಬೇಡಿ, ಒಂದು ವಾರ ಬಿಟ್ಟು ನೋಡಿ.

ಯಾರ ರೈಲು, ಯಾರ ಹಳಿ

ಹುಬ್ಬಳ್ಳಿ ಧಾರವಾಡ ರಸ್ತೆ ನೆನಪು ಮಾಡಿಕೊಳ್ಳಿ. ಅದೇ ದಾರಿಯಲ್ಲಿ ಸಾರಿಗೆ ಸಂಸ್ಥೆಯ ಬಸ್ಸೂ ಓಡಿತು, ಖಾಸಗಿಯವರ ಬೇಂದ್ರೆ ಬಸ್ಸೂ ಓಡಿತು. ರಸ್ತೆ ಇಬ್ಬರದ್ದೂ ಅಲ್ಲ. ಯುರೋಪಿನ ರೈಲೂ ಈಗ ಹಾಗೆಯೇ. ಹಳಿ ನೋಡಿಕೊಳ್ಳುವ ಕೆಲಸ, ರೈಲು ಓಡಿಸುವ ಕೆಲಸ ಎರಡರ ಲೆಕ್ಕವನ್ನೂ ಬೇರೆ ಮಾಡಬೇಕು ಅಂತ ಯುರೋಪಿನ ಒಕ್ಕೂಟ 1991ರಲ್ಲೇ ನಿಯಮ ತಂದಿತು. ಹಳಿಯ ಬಾಡಿಗೆ ಕಟ್ಟಿದರೆ ಬೇರೆ ಕಂಪನಿಯೂ ರೈಲು ಓಡಿಸಬಹುದು.

ಆಸ್ಟ್ರಿಯಾದಲ್ಲಿ 2011ರ ಡಿಸೆಂಬರ್‌ನಲ್ಲಿ ವೆಸ್ಟ್‌ಬಾನ್ ಬಂತು. ಜೆಕ್ ದೇಶದಲ್ಲಿ ಅದೇ ವರ್ಷ ಹಳದಿ ಬಣ್ಣದ ರೆಜಿಯೋಜೆಟ್ ಬಂತು. ಇಟಲಿಯಲ್ಲಿ 2012ರ ಏಪ್ರಿಲ್‌ನಲ್ಲಿ ಇಟಾಲೊ. ಜರ್ಮನಿಯಲ್ಲಿ 2018ರಲ್ಲಿ ಹಸಿರು ಫ್ಲಿಕ್ಸ್‌ಟ್ರೇನ್. ಸ್ಪೇನ್‌ನಲ್ಲಿ 2021ರಲ್ಲಿ ವೀಗೊ, 2022ರಲ್ಲಿ ಇರ್ಯೊ. ಈ ಪೈಪೋಟಿ ಬಂದ ಕಡೆ ಸರ್ಕಾರಿ ರೈಲಿನವರೂ ದರ ಇಳಿಸಿದರು. ಇದು ನಿಜವಾಗಲೂ ಒಳ್ಳೆಯ ಬದಲಾವಣೆ ಅಂತ ನನ್ನ ಅಭಿಪ್ರಾಯ.

ಆದರೆ ಒಂದು ಗೊಂದಲ ಇದೆ. ಅಗ್ಗದ್ದೆಲ್ಲ ಖಾಸಗಿ ಅಲ್ಲ. ವೀಗೊ ಅನ್ನುವುದು ಫ್ರಾನ್ಸಿನ ಸರ್ಕಾರಿ ರೈಲ್ವೆಯದ್ದೇ ಅಗ್ಗದ ಸೇವೆ. ಫ್ರಾನ್ಸಿನಲ್ಲಿ ಊಟದ ಬೋಗಿ ತೆಗೆದು, ಫಸ್ಟ್ ಕ್ಲಾಸ್ ತೆಗೆದು, ಎರಡು ಅಂತಸ್ತಿನ ಒಂದು ರೈಲಿನಲ್ಲಿ 634 ಸೀಟು ಹಾಕಿದ್ದಾರೆ. ಸ್ಪೇನ್‌ನಲ್ಲಿ ಅದೇ ಫ್ರೆಂಚ್ ರೈಲ್ವೆ ಹೊರಗಿನ ಪೈಪೋಟಿಗಾರ. ಇರ್ಯೊದಲ್ಲಿ ಇಟಲಿಯ ಸರ್ಕಾರಿ ರೈಲ್ವೆಯ ಪಾಲಿದೆ. ಹೀಗಿರುವಾಗ ಖಾಸಗಿಯೋ ಸರ್ಕಾರಿಯೋ ಅಂತ ಕೇಳಿ ಜಾಸ್ತಿ ಉಪಯೋಗ ಇಲ್ಲ. ಕೇಳಬೇಕಾದ ಪ್ರಶ್ನೆ ಬೇರೆ: ನನ್ನ ಕೈಯಲ್ಲಿರುವ ಟಿಕೆಟ್ ಒಂದು ರೈಲಿಗೋ, ಇಡೀ ಪ್ರಯಾಣಕ್ಕೋ?

ರೈಲು ತಪ್ಪಿದ ದಿನ

ಎರಡನೆಯ ಸಲ ಹೋದಾಗ ನಾನು, ನಮ್ಮ ಮನೆಯವರು ಇಬ್ಬರೇ ಹೊರಟಿದ್ದೆವು. ಒಂದು ಊರಿನಲ್ಲಿ ರೈಲು ಬದಲಾಯಿಸಬೇಕಿತ್ತು. ಮೊದಲ ರೈಲು ಒಂದು ಕಂಪನಿಯದ್ದು, ಎರಡನೆಯದು ಇನ್ನೊಂದು ಕಂಪನಿಯದ್ದು. ಹೆಸರು ಬೇಡ. ಬೇರೆ ಬೇರೆ ತೆಗೆದರೆ 34 ಯೂರೋ ಉಳಿಯುತ್ತದೆ ಅಂತ ನಾನೇ ಕೂತು ಲೆಕ್ಕ ಹಾಕಿದ್ದೆ. ನಡುವೆ 35 ನಿಮಿಷ ಸಮಯ ಇತ್ತು. ಸಾಕು ಅನ್ನಿಸಿತ್ತು.

ಮೊದಲ ರೈಲು 48 ನಿಮಿಷ ತಡವಾಯಿತು. ಇಳಿದು ಮೆಟ್ಟಿಲು ಹತ್ತಿ ಬರುವಷ್ಟರಲ್ಲಿ ಬೋರ್ಡಿನ ಮೇಲಿನ ಸಾಲಿನಲ್ಲಿ ನಮ್ಮ ರೈಲಿನ ಹೆಸರು ಇರಲಿಲ್ಲ. ಅದರ ಜಾಗಕ್ಕೆ ಮುಂದಿನ ರೈಲಿನ ಹೆಸರು ಬಂದಿತ್ತು. ಕೌಂಟರಿನಲ್ಲಿದ್ದ ಹುಡುಗಿ ನಮ್ಮ ಟಿಕೆಟ್ ನೋಡಿ ಮೆತ್ತಗೆ ಹೇಳಿದಳು, ಇದು ಆ ರೈಲಿಗೆ ಮಾತ್ರ. ಹಿಂದಿನ ರೈಲು ತಡವಾಗಿದ್ದು ನಮ್ಮ ಕಂಪನಿಗೆ ಸಂಬಂಧ ಇಲ್ಲ. ಮುಂದಿನ ರೈಲು ಮೂರು ಗಂಟೆಗೆ, ಒಬ್ಬರಿಗೆ 64 ಯೂರೋ.

ನನಗೆ ಗದಗ ಕಡೆಯಿಂದ ಬರುತ್ತಿದ್ದವರ ಮುಖ ನೆನಪಾಯಿತು. ಹಿಂದಿನ ಗಾಡಿ ಲೇಟಾಗಿ ಬೆಂಗಳೂರಿನ ರೈಲು ತಪ್ಪಿಸಿಕೊಂಡು, ಚೀಲ ಕಾಲ ಹತ್ತಿರ ಇಟ್ಟುಕೊಂಡು ನನ್ನ ಕಿಟಕಿಯ ಮುಂದೆ ನಿಲ್ಲುತ್ತಿದ್ದರು. "ಹಿಂದಿನ ಗಾಡಿ ಲೇಟಾತ್ರಿ ಬಾಯಾರ, ನಮ್ದೇನು ತಪ್ಪೈತ್ರಿ ಇದ್ರಾಗ?" ಬೇರೆ ಬೇರೆ ಟಿಕೆಟ್ ಇದ್ದರೆ ನನ್ನ ಕೈಯಲ್ಲೂ ಏನೂ ಇರುತ್ತಿರಲಿಲ್ಲ. 2019ರ ಏಪ್ರಿಲ್‌ನಿಂದ ನಮ್ಮ ರೈಲ್ವೆ ಎರಡು ಪಿಎನ್‌ಆರ್ ಜೋಡಿಸುವ ವ್ಯವಸ್ಥೆ ತಂದಿತು. ಮೊದಲ ರೈಲು ತಡವಾಗಿ ಎರಡನೆಯದು ತಪ್ಪಿದರೆ, ಪ್ರಯಾಣ ಮಾಡದ ಭಾಗದ ದುಡ್ಡು ವಾಪಸ್ ಸಿಗುತ್ತದೆ. ಅದನ್ನು ಜನರಿಗೆ ಹೇಳುವಾಗ ನನಗೆ ತುಂಬಾ ಸಮಾಧಾನ ಆಗುತ್ತಿತ್ತು.

ಅವತ್ತು ಆ ಬೆಂಚಿನ ಮೇಲೆ ಕೂತು ಕಟಕ ರೊಟ್ಟಿ, ಶೇಂಗಾ ಚಟ್ನಿ ತಿಂದೆವು. 34 ಉಳಿಸಲು ಹೋಗಿ 128 ಕೊಟ್ಟೆವು. ನಮ್ಮ ಮನೆಯವರು ಒಂದು ಮಾತೂ ಆಡಲಿಲ್ಲ.

ಅದಕ್ಕೇ ಹೇಳುವುದು: ರೈಲು ಬದಲಾಯಿಸಬೇಕಾದ ಪ್ರಯಾಣಕ್ಕೆ ಸರ್ಕಾರಿ ರೈಲಿನ ಒಂದೇ ಟಿಕೆಟ್ ತೆಗೆಯಿರಿ. ಒಂದೇ ಬುಕಿಂಗ್‌ನಲ್ಲಿ, ಶುರುವಿನಿಂದ ಕೊನೆಯವರೆಗೆ. ಜರ್ಮನಿಯಲ್ಲಿ ಸ್ಪಾರ್‌ಪ್ರೈಸ್ ಟಿಕೆಟ್ ಅದರಲ್ಲಿ ಬರೆದ ರೈಲುಗಳಿಗೇ ಕಟ್ಟಿದ್ದು. ಆದರೆ ನಿಮ್ಮ ಊರಿಗೆ 20 ನಿಮಿಷಕ್ಕಿಂತ ಜಾಸ್ತಿ ತಡವಾಗುತ್ತದೆ ಅಂತ ಗೊತ್ತಾದರೆ ಆ ಕಟ್ಟು ಬಿಚ್ಚುತ್ತದೆ. ಬೇರೆ ರೈಲು ಹತ್ತಬಹುದು, ಹೊಸ ಟಿಕೆಟ್ ಬೇಡ. ಇದು ತುಂಬಾ ದೊಡ್ಡ ಅನುಕೂಲ. ಯಾಕೆಂದರೆ ಜರ್ಮನಿಯ ದೂರದ ರೈಲುಗಳು 2024ರಲ್ಲಿ ಸಮಯಕ್ಕೆ ಬಂದಿದ್ದು ನೂರಕ್ಕೆ ಸುಮಾರು 62 ಮಾತ್ರ. ಅದೂ ಆರು ನಿಮಿಷದ ಒಳಗಿನ ತಡವನ್ನು ಸಮಯಕ್ಕೆ ಬಂದ ಹಾಗೆಯೇ ಲೆಕ್ಕ ಹಿಡಿದು. ಜರ್ಮನಿ ಅಂದರೆ ಗಡಿಯಾರ ಅಂತ ನಂಬಿಕೊಂಡು ಹೋಗಬೇಡಿ.

ಮಧ್ಯೆ ಎಲ್ಲೂ ಇಳಿಯದೆ ಒಂದೇ ರೈಲಿನಲ್ಲಿ ಹೋಗುವುದಾದರೆ ಖಾಸಗಿ ರೈಲು ಧಾರಾಳವಾಗಿ ತಗೊಳ್ಳಿ. ಅಲ್ಲಿ ತಪ್ಪಿಸಿಕೊಳ್ಳಲು ಇನ್ನೊಂದು ರೈಲೇ ಇಲ್ಲ. ಆದರೆ ಆ ಕಂಪನಿಯ ರೈಲು ಆ ದಾರಿಯಲ್ಲಿ ದಿನಕ್ಕೆ ಎಷ್ಟು ಸಲ ಇದೆ ಅಂತ ನೋಡಿ. ಗಂಟೆಗೊಂದು ಇದ್ದರೆ, ಒಂದು ರದ್ದಾದರೂ ಮುಂದಿನದರಲ್ಲಿ ಕೂರಿಸುತ್ತಾರೆ. ದಿನಕ್ಕೆ ಎರಡೇ ಇದ್ದರೆ ಯೋಚನೆ ಮಾಡಿ. ಎರಡು ಕಂಪನಿ ಸೇರಿಸಲೇಬೇಕಾದರೆ ನಡುವೆ ಎರಡು ಗಂಟೆ ಇಟ್ಟುಕೊಳ್ಳಿ. ಎರಡನೆಯದು ಆ ದಿನದ ಕೊನೆಯ ರೈಲು ಆಗಿರಬಾರದು.

ತಡವಾದರೆ ಪರಿಹಾರ ಸಿಗುತ್ತದೆ. 2023ರ ಜೂನ್‌ನಿಂದ ಜಾರಿಯಲ್ಲಿರುವ ಯುರೋಪಿನ ನಿಯಮದ ಪ್ರಕಾರ ಒಂದು ಗಂಟೆ ತಡವಾದರೆ ಟಿಕೆಟ್‌ನ ಕಾಲು ಭಾಗ, ಎರಡು ಗಂಟೆ ಆದರೆ ಅರ್ಧ. ದೊಡ್ಡ ಬಿರುಗಾಳಿ, ಪ್ರವಾಹ ಇಂಥದ್ದಕ್ಕೆ ಇಲ್ಲ. ಖಾಸಗಿ, ಸರ್ಕಾರಿ ಇಬ್ಬರಿಗೂ ಇದೇ ನಿಯಮ. ಆದರೆ 4 ಯೂರೋಗಿಂತ ಕಡಿಮೆ ಬಂದರೆ ಕೊಡದೆ ಇರಲು ಕಂಪನಿಗೆ ಅವಕಾಶ ಇದೆ. 15 ಯೂರೋ ಟಿಕೆಟ್‌ಗೆ ಕಾಲು ಭಾಗ ಅಂದರೆ 3.75, ಅಲ್ವಾ? ಅಗ್ಗದ ಟಿಕೆಟ್‌ಗೆ ಪರಿಹಾರವೂ ಅಷ್ಟೇ ಸಣ್ಣದು. ಇನ್ನೊಂದು ವಿಷಯ, ಪರಿಹಾರದ ಫಾರ್ಮಿನಲ್ಲಿ ಐಬ್ಯಾನ್ ಅನ್ನುವ ಅಂತರರಾಷ್ಟ್ರೀಯ ಬ್ಯಾಂಕ್ ಖಾತೆ ನಂಬರ್ ಕೇಳುತ್ತಾರೆ. ನಮ್ಮ ದೇಶದ ಬ್ಯಾಂಕ್ ಖಾತೆಗೆ ಅದು ಇಲ್ಲ. ಅಲ್ಲಿರುವ ಮಗಳದ್ದೋ ಮಗನದ್ದೋ ಖಾತೆ ಕೊಡಿ.

ವಿಮಾನ ಇಳಿಯುವ ದಿನ

ಇಲ್ಲಿ ನಾನು ಬಹಳ ಗಟ್ಟಿಯಾಗಿ ಹೇಳುತ್ತೇನೆ. ವಿಮಾನ ಇಳಿದ ದಿನ ಬದಲಾಯಿಸಲು ಆಗದ ರೈಲು ಟಿಕೆಟ್ ಬೇಡ. ವಿಮಾನ ತಡವಾದರೆ ಯಾವ ರೈಲಿನವರೂ ಕೇಳುವುದಿಲ್ಲ. ವೈನಿಯವರು ಬೆಂಗಳೂರಿನಿಂದ ಫ್ರಾಂಕ್‌ಫರ್ಟ್‌ಗೆ ಇಳಿದು ಸ್ಟಟ್‌ಗಾರ್ಟ್‌ಗೆ ರೈಲಿನಲ್ಲಿ ಹೋಗಬೇಕು. ಲುಫ್ತಾನ್ಸಾದಲ್ಲಿ ಹೋಗುವವರಿಗೆ ಆ ರೈಲನ್ನೂ ವಿಮಾನದ ಟಿಕೆಟ್‌ನಲ್ಲೇ ಸೇರಿಸಿ ಮಾರುತ್ತಾರೆ, ರೈಲಿಗೂ ವಿಮಾನದ ನಂಬರ್ ಇರುತ್ತದೆ. ವಿಮಾನ ತಡವಾದರೆ ಅವರೇ ಮುಂದಿನ ರೈಲಿಗೆ ಹಾಕುತ್ತಾರೆ. ಬೇರೆ ವಿಮಾನವಾದರೆ ಜರ್ಮನ್ ರೈಲ್ವೆಯ ಫ್ಲೆಕ್ಸ್‌ಪ್ರೈಸ್, ಅಂದರೆ ಒಂದು ರೈಲಿಗೆ ಕಟ್ಟಿಲ್ಲದ ಟಿಕೆಟ್ ತೆಗೆದುಕೊಳ್ಳಿ. ದುಬಾರಿ ನಿಜ. ಆದರೆ ರಾತ್ರಿಯೆಲ್ಲ ನಿದ್ದೆ ಇಲ್ಲದೆ, ನಾಲ್ಕು ದೊಡ್ಡ ಬ್ಯಾಗ್ ಹಿಡಿದು ಇಳಿದವರಿಗೆ ಓಡುವ ಶಕ್ತಿ ಇರುವುದಿಲ್ಲ.

ಬ್ಯಾಗು

ವೈನಿ ತುಂಬಿಟ್ಟ ಬ್ಯಾಗ್ ನೋಡಲು ಅವರ ಮನೆಗೆ ಹೋದೆ. ಅಂಟಿನ ಉಂಡಿಯ ಸಾಮಾನು, ಬಾಣಂತಿ ಖಾರ, ಕೂಸಿಗೆ ಹೊಲಿದ ಕುಲಾವಿ, ಹಳೆಯ ಸೀರೆಯ ಕೌದಿ. ದರ್ಜಿಯ ಟೇಪ್ ಹಿಡಿದು ಅಳೆದೆ. 78 ಸೆಂಟಿಮೀಟರ್ ಎತ್ತರ. ಸರ್ಕಾರಿ ರೈಲಿನಲ್ಲಿ ಇದಕ್ಕೆ ಸಾಮಾನ್ಯವಾಗಿ ತೊಂದರೆ ಇಲ್ಲ. ಜರ್ಮನಿಯಲ್ಲಿ, ಆಸ್ಟ್ರಿಯಾದಲ್ಲಿ ನೀವೇ ಎತ್ತಿಟ್ಟುಕೊಳ್ಳುವಷ್ಟು ಸಾಮಾನನ್ನು ಯಾರೂ ತೂಕ ಹಾಕುವುದಿಲ್ಲ. ಆದರೆ ವೀಗೊದಂಥ ಅಗ್ಗದ ರೈಲಿನಲ್ಲಿ ಟಿಕೆಟ್ ಜೊತೆ ಬರುವುದು ವಿಮಾನದೊಳಗೆ ಒಯ್ಯುವ ಸಣ್ಣ ಬ್ಯಾಗು ಮತ್ತು ಒಂದು ಕೈಚೀಲ. ದೊಡ್ಡ ಬ್ಯಾಗಿಗೆ ಬೇರೆ ದುಡ್ಡು. ಟಿಕೆಟ್ ತೆಗೆಯುವಾಗಲೇ ಸೇರಿಸಿ, ಆಮೇಲೆ ಕಟ್ಟಿದರೆ ಜಾಸ್ತಿ. ಸೀಟು ಆರಿಸಿಕೊಳ್ಳಲೂ ಕೆಲವರು ಬೇರೆ ದುಡ್ಡು ತೆಗೆದುಕೊಳ್ಳುತ್ತಾರೆ. ಹೀಗೆ ಎಲ್ಲ ಕೂಡಿಸಿದ ಮೇಲೆ ಬರುವ ಮೊತ್ತವನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಆಮೇಲೆ ಹೋಲಿಸಿ.

ಸೀಟಿನ ವಿಷಯದಲ್ಲಿ ಖಾಸಗಿಯವರು ಮೇಲು ಅನ್ನುವ ಜಾಗವೂ ಇದೆ. ರೆಜಿಯೋಜೆಟ್, ಫ್ಲಿಕ್ಸ್‌ಟ್ರೇನ್ ಟಿಕೆಟ್‌ನಲ್ಲಿ ಸೀಟು ಸೇರಿಯೇ ಇರುತ್ತದೆ. ಜರ್ಮನಿ, ಆಸ್ಟ್ರಿಯಾದ ಸರ್ಕಾರಿ ರೈಲಿನಲ್ಲಿ ಟಿಕೆಟ್ ಇದ್ದರೆ ಸೀಟು ಇದೆ ಅಂತ ಅರ್ಥ ಅಲ್ಲ! ಸೀಟಿಗೆ ಕೆಲವು ಯೂರೋ ಕೊಟ್ಟು ಬೇರೆ ರಿಸರ್ವೇಶನ್ ಮಾಡಬೇಕು. ಇಲ್ಲದಿದ್ದರೆ ರಜೆಯ ದಿನ ನಿಂತು ಹೋಗಬೇಕಾಗುತ್ತದೆ. ವಯಸ್ಸಾದವರು ದಯವಿಟ್ಟು ಆ ದುಡ್ಡು ಉಳಿಸಬೇಡಿ. ಇಟಲಿಯ ವೇಗದ ರೈಲಿನಲ್ಲಿ ಈ ಚಿಂತೆ ಇಲ್ಲ, ಇಬ್ಬರಲ್ಲೂ ಸೀಟು ನಂಬರ್ ಟಿಕೆಟ್ ಮೇಲೇ ಇರುತ್ತದೆ.

ಯಾವ ಸ್ಟೇಷನ್

ವಿಯೆನ್ನಾದಲ್ಲಿ ನಮ್ಮ ಅಳಿಯ ಮೊದಲ ದಿನವೇ ಹೇಳಿಕೊಟ್ಟ ಪಾಠ ಇದು. ಸಾಲ್ಜ್‌ಬರ್ಗ್‌ಗೆ ಹೋಗಲು ಸರ್ಕಾರಿ ರೈಲ್‌ಜೆಟ್ ಹೊರಡುವುದು ಹೌಪ್ಟ್‌ಬಾನ್‌ಹೋಫ್ ಅನ್ನುವ ಮುಖ್ಯ ಸ್ಟೇಷನ್‌ನಿಂದ. ವೆಸ್ಟ್‌ಬಾನ್ ರೈಲು ಹೆಚ್ಚಾಗಿ ಹೊರಡುವುದು ವೆಸ್ಟ್‌ಬಾನ್‌ಹೋಫ್‌ನಿಂದ. ಇವೆರಡರ ನಡುವೆ ನೇರ ಮೆಟ್ರೊ ಇಲ್ಲ, ಒಮ್ಮೆ ಬದಲಾಯಿಸಬೇಕು. ಎರಡೂ ರೈಲು ಸುಮಾರು ಎರಡೂವರೆ ಗಂಟೆಯಲ್ಲಿ ಸಾಲ್ಜ್‌ಬರ್ಗ್ ಮುಟ್ಟುತ್ತವೆ. ಹಾಗಾಗಿ ನೀವು ಉಳಿದುಕೊಂಡ ಮನೆಗೆ ಯಾವ ಸ್ಟೇಷನ್ ಹತ್ತಿರ ಅನ್ನುವುದೇ ಮುಖ್ಯ. ಒಬ್ಬರ ಟಿಕೆಟ್ ಹಿಡಿದು ಇನ್ನೊಬ್ಬರ ರೈಲು ಹತ್ತಿದರೆ ನಡೆಯುವುದಿಲ್ಲ.

ಮ್ಯಾಡ್ರಿಡ್‌ನಲ್ಲೂ ಅತೋಚಾ, ಚಮಾರ್ತಿನ್ ಅಂತ ಎರಡು ದೊಡ್ಡ ಸ್ಟೇಷನ್. ಒಂದೇ ಊರಿಗೆ ಹೋಗುವ ಎರಡು ಕಂಪನಿಯ ರೈಲು ಬೇರೆ ಬೇರೆ ಸ್ಟೇಷನ್‌ನಿಂದ ಹೊರಡಬಹುದು. ಸ್ಪೇನ್‌ನಲ್ಲಿ ವೇಗದ ರೈಲು ಹತ್ತುವ ಮೊದಲು ಬ್ಯಾಗನ್ನು ಎಕ್ಸ್‌ರೇ ಯಂತ್ರಕ್ಕೆ ಹಾಕಬೇಕು. ಹೊರಡುವ ಕೆಲವು ನಿಮಿಷ ಮೊದಲೇ ಗೇಟ್ ಮುಚ್ಚುತ್ತಾರೆ. ನಮ್ಮ ಹಾಗೆ ಹೊರಟ ರೈಲಿನ ಜೊತೆ ಓಡಿ ಹತ್ತುವುದು ಅಲ್ಲಿ ಇಲ್ಲವೇ ಇಲ್ಲ. ಅರ್ಧ ಗಂಟೆ ಮೊದಲು ಹೋಗಿ.

ಪ್ಲಾಟ್‌ಫಾರ್ಮ್‌ನಲ್ಲಿ ನಿಮ್ಮ ಬೋಗಿ ಎಲ್ಲಿ ನಿಲ್ಲುತ್ತದೆ ಅಂತಲೂ ಮೊದಲೇ ನೋಡಿಕೊಳ್ಳಿ. 1507 ಮೀಟರ್ ಪ್ಲಾಟ್‌ಫಾರ್ಮ್ ಇರುವ ಹುಬ್ಬಳ್ಳಿಯವರಿಗೆ ನಾನು ಇದನ್ನು ಬೇರೆ ಹೇಳಬೇಕಾಗಿಲ್ಲ. ಅಲ್ಲಿ ರೈಲು ನಿಲ್ಲುವುದು ಎಷ್ಟೋ ಕಡೆ ಎರಡು ಮೂರು ನಿಮಿಷ ಮಾತ್ರ.

ಟಿಕೆಟ್ ತೆಗೆಯುವಾಗ

ಸರ್ಕಾರಿ ರೈಲಿನ ಆ್ಯಪ್‌ನಲ್ಲಿ ಪೈಪೋಟಿಯ ಕಂಪನಿಯ ಟಿಕೆಟ್ ಸಾಮಾನ್ಯವಾಗಿ ಸಿಗುವುದಿಲ್ಲ. ಎರಡು ಕಡೆ ಬೇರೆ ಬೇರೆ ನೋಡಬೇಕು. ಎಲ್ಲ ಕಂಪನಿ ಒಟ್ಟಿಗೆ ತೋರಿಸುವ ಆ್ಯಪ್‌ಗಳಿವೆ, ನೋಡಲು ಅವು ಚೆನ್ನ. ಕೊಳ್ಳುವುದು ಮಾತ್ರ ಆಯಾ ಕಂಪನಿಯ ಆ್ಯಪ್‌ನಲ್ಲೇ ಕೊಳ್ಳಿ. ತೊಂದರೆ ಆದಾಗ ಮಧ್ಯವರ್ತಿಯ ಹತ್ತಿರ ಹೋಗುವ ಕೆಲಸ ತಪ್ಪುತ್ತದೆ. ನಮ್ಮ ಡೆಬಿಟ್ ಕಾರ್ಡ್, ಕ್ರೆಡಿಟ್ ಕಾರ್ಡ್‌ನಲ್ಲಿ ವಿದೇಶಿ ಬಳಕೆ ಬಂದ್ ಇರಬಹುದು. ಬ್ಯಾಂಕಿನ ಆ್ಯಪ್‌ನಲ್ಲಿ ಮೊದಲೇ ಆನ್ ಮಾಡಿ. ಹೆಸರು ಪಾಸ್‌ಪೋರ್ಟ್‌ನಲ್ಲಿ ಇದ್ದ ಹಾಗೆಯೇ ಬರೆಯಿರಿ.

ಹಲವು ದೇಶಗಳ ರೈಲಿಗೆ ನಡೆಯುವ ಯುರೇಲ್ ಪಾಸ್ ತಗೊಳ್ಳಲೇ ಅಂತಲೂ ವೈನಿ ಕೇಳಿದರು. ಆ ಪಾಸ್ ಫ್ಲಿಕ್ಸ್‌ಟ್ರೇನ್, ವೀಗೊ ರೈಲುಗಳಲ್ಲಿ ನಡೆಯುವುದಿಲ್ಲ. ಹತ್ತು ದಿನದಲ್ಲಿ ಮೂರು ನಾಲ್ಕು ಪ್ರಯಾಣಕ್ಕೆ ಪಾಸ್ ಬೇಡ ಅಂತ ನಾನು ಹೇಳಿದೆ.

ಮಗಳ ಮನೆಯ ಸುತ್ತಮುತ್ತ ಓಡಾಡಲು ಜರ್ಮನಿಯಲ್ಲಿ ಡಾಯ್ಚ್‌ಲಾಂಡ್ ಟಿಕೆಟ್ ಇದೆ. 2023ರ ಮೇ ತಿಂಗಳಲ್ಲಿ 49 ಯೂರೋಗೆ ಶುರುವಾಯಿತು, 2025ರಲ್ಲಿ 58 ಆಯಿತು. ತಿಂಗಳಿಡೀ ಊರಿನ ಬಸ್ಸು, ಟ್ರಾಮ್, ಪ್ಯಾಸೆಂಜರ್ ರೈಲು ಎಲ್ಲದಕ್ಕೂ ನಡೆಯುತ್ತದೆ. ವೇಗದ ಐಸಿಇ ರೈಲಿಗೂ ಫ್ಲಿಕ್ಸ್‌ಟ್ರೇನ್‌ಗೂ ನಡೆಯುವುದಿಲ್ಲ. ತಾನಾಗಿಯೇ ಮುಂದಿನ ತಿಂಗಳಿಗೆ ಮುಂದುವರಿಯುತ್ತದೆ. ಬೇಡ ಅಂದರೆ ಆ ತಿಂಗಳ 10ನೇ ತಾರೀಖಿನ ಒಳಗೆ ರದ್ದು ಮಾಡಿ. ಇಟಲಿಯಲ್ಲಿ ಸಣ್ಣ ಊರುಗಳ ರೈಲಿಗೆ ಕಾಗದದ ಟಿಕೆಟ್ ತಗೊಂಡರೆ ಹತ್ತುವ ಮೊದಲು ಪ್ಲಾಟ್‌ಫಾರ್ಮ್‌ನ ಯಂತ್ರದಲ್ಲಿ ಮುದ್ರೆ ಹಾಕಿಸಿ. ಮರೆತರೆ ದಂಡ.

ಕೊನೆಗೆ ವೈನಿಯವರಿಗೆ ಹೀಗೆ ಮಾಡಿಕೊಟ್ಟೆ. ಫ್ರಾಂಕ್‌ಫರ್ಟ್‌ನಿಂದ ಸ್ಟಟ್‌ಗಾರ್ಟ್, ವಿಮಾನದ ಟಿಕೆಟ್‌ನಲ್ಲೇ. ಸ್ಟಟ್‌ಗಾರ್ಟ್‌ನಿಂದ ವಿಯೆನ್ನಾಕ್ಕೆ ಮ್ಯೂನಿಕ್‌ನಲ್ಲಿ ಬದಲಾಯಿಸಿ ಹೋಗುವುದು, ಅದಕ್ಕೆ ಸರ್ಕಾರಿ ರೈಲಿನ ಒಂದೇ ಟಿಕೆಟ್, ಸೀಟು ರಿಸರ್ವೇಶನ್ ಸಮೇತ. ವಿಯೆನ್ನಾದಲ್ಲಿ ನನ್ನ ಮಗಳ ಮನೆ, ಅಲ್ಲಿಂದ ಪ್ರಾಗ್‌ಗೆ ಹೋಗಿ ಬರಲು ರೆಜಿಯೋಜೆಟ್. ನಾಲ್ಕು ಗಂಟೆಯ ನೇರ ರೈಲು. ವಿಯೆನ್ನಾದಿಂದ ವೆನಿಸ್‌ಗೆ ಆಸ್ಟ್ರಿಯಾದ ಸರ್ಕಾರಿ ರೈಲು, ಅದೂ ನೇರ. ದೊಡ್ಡ ಬ್ಯಾಗುಗಳು ಸ್ಟಟ್‌ಗಾರ್ಟ್‌ನಲ್ಲೇ ಇರುತ್ತವೆ, ತಿರುಗಾಟಕ್ಕೆ ಒಬ್ಬರಿಗೆ ಒಂದು ಸಣ್ಣ ಬ್ಯಾಗ್.

ವೆನಿಸ್‌ನಿಂದ ರೋಮ್‌ನದ್ದು ಮಾತ್ರ ಇನ್ನೂ ತೆಗೆದಿಲ್ಲ. ಅವರು ಹೋಗುವ ತಾರೀಖಿಗೆ ಇಟಲಿಯ ಬುಕಿಂಗ್ ಇನ್ನೂ ತೆರೆದಿಲ್ಲ. ತೆರೆದ ದಿನ ಖಾಸಗಿ ಇಟಾಲೊ, ಸರ್ಕಾರಿ ಫ್ರೆಚ್ಚಾರೊಸ್ಸಾ ಎರಡನ್ನೂ ಒಟ್ಟಿಗೆ ಇಟ್ಟು ನೋಡುತ್ತೇವೆ. ದಿನಾ ಸಂಜೆ ದೀಪ ಹಚ್ಚಿದ ಮೇಲೆ ವೈನಿ ಮೊಬೈಲ್ ತಗೊಂಡು ಬರುತ್ತಾರೆ. "ಇವತ್ತ ತಗದಾರೇನ್ ನೋಡೂಣ್ರಿ ಅಕ್ಕಾರ" ಅನ್ನುತ್ತಾರೆ, ಇಬ್ಬರೂ ಕೂತು ನೋಡುತ್ತೇವೆ.